ಮೊದಲು ಗೂಡು, ಆಮೇಲೆ ಗಿನಿಪಿಗ್

ಗಿನಿಪಿಗ್ ಸಾಕಬೇಕೆಂದು ಹೊರಟವರಲ್ಲಿ ಹೆಚ್ಚಿನವರು ಪ್ರಾಣಿಯನ್ನೂ ಪಂಜರವನ್ನೂ ಒಂದೇ ದಿನ ಮನೆಗೆ ತರುತ್ತಾರೆ. ರಟ್ಟಿನ ಪೆಟ್ಟಿಗೆಯೊಳಗೆ ಪ್ರಾಣಿ ಮುದುರಿ ಕುಳಿತಿರುವಾಗ ಮನೆಮಂದಿಯೆಲ್ಲ ಸೇರಿ ಪಂಜರದ ಕಂಬಿಗಳನ್ನು ಜೋಡಿಸುತ್ತಾರೆ. ಒಳಗೆ ಏನು ಹಾಸಬೇಕು, ನೀರಿನ ಬಾಟಲಿಯನ್ನು ಎಲ್ಲಿ ಕಟ್ಟಬೇಕು ಎಂಬ ಚರ್ಚೆ ಶುರುವಾಗುವುದೇ ಆಗ. ಪಂಜರ ಚಿಕ್ಕದಾಯಿತೆಂದು ಅರಿವಾಗುವ ಹೊತ್ತಿಗೆ ಮಕ್ಕಳು ಪ್ರಾಣಿಗೆ ಹೆಸರಿಟ್ಟಿರುತ್ತಾರೆ, ಪಂಜರದ ಮೂಲೆಯೊಂದು ಮೂತ್ರದಿಂದ ನೆನೆದಿರುತ್ತದೆ, ದೊಡ್ಡದನ್ನು ಕೊಳ್ಳುವ ಮಾತು ಮುಂದಿನ ತಿಂಗಳಿಗೆ ಹೋಗಿರುತ್ತದೆ. ಈ ಕ್ರಮ ತಲೆಕೆಳಗಾಗಬೇಕು. ಗೂಡು ಮೊದಲು ಸಿದ್ಧವಾಗಿ, ಕೆಲವು ದಿನ ಖಾಲಿಯಾಗಿಯೇ ನಿಂತು, ಅದರ ಕುಂದುಕೊರತೆಗಳು ಕಣ್ಣಿಗೆ ಬಿದ್ದು ಸರಿಯಾದ ಮೇಲೆ ಪ್ರಾಣಿ ಬರಬೇಕು.

ಇಷ್ಟು ಒತ್ತಿ ಹೇಳಲು ಕಾರಣ ಈ ಪ್ರಾಣಿಯ ಸ್ವಭಾವ. ದಕ್ಷಿಣ ಅಮೆರಿಕದ ಆಂಡೀಸ್ ಪರ್ವತ ಪ್ರದೇಶದ ಜನ ಸಾವಿರಾರು ವರ್ಷಗಳ ಹಿಂದೆಯೇ ಇದನ್ನು ಮಾಂಸಕ್ಕಾಗಿ ಸಾಕತೊಡಗಿದರು. 16ನೇ ಶತಮಾನದಲ್ಲಿ ಯುರೋಪಿಗೆ ಬಂದ ಮೇಲೆ ಅದು ಮುದ್ದಿನ ಪ್ರಾಣಿಯಾಯಿತು. ಆದರೆ ಹುಲ್ಲಿನ ನಡುವೆ ಗುಂಪಾಗಿ ಮೇಯುತ್ತಾ, ಮೇಲೆ ಹದ್ದಿನ ನೆರಳು ಸುಳಿದರೆ ಪೊದೆಗೆ ನುಗ್ಗುತ್ತಿದ್ದ ಪೂರ್ವಜರ ಅಂಜಿಕೆ ಅದರ ರಕ್ತದಲ್ಲಿ ಹಾಗೆಯೇ ಉಳಿದಿದೆ. ಬೇಟೆಗೆ ಬಲಿಯಾಗುವ ಪ್ರಾಣಿಗಳು ನೋವನ್ನೂ ಕಾಯಿಲೆಯನ್ನೂ ಆದಷ್ಟು ಕಾಲ ಬಚ್ಚಿಡುತ್ತವೆ. ಗಿನಿಪಿಗ್ ಕೂಡ ಕೆಟ್ಟ ಗೂಡಿನ ವಿರುದ್ಧ ನಾಯಿಯಂತೆ ಬೊಗಳಿ ರಂಪ ಮಾಡುವುದಿಲ್ಲ. ಮೂಲೆಯಲ್ಲಿ ತೆಪ್ಪಗೆ ಕುಳಿತಿರುತ್ತದೆ. ನಾವು ಅದನ್ನು ‘ಎಷ್ಟು ಸಾಧು ಪ್ರಾಣಿ’ ಎಂದು ಹೊಗಳುತ್ತೇವೆ. ಅಂಗಾಲು ಹುಣ್ಣಾಗಿ ನಡೆಯಲಾಗದೆ ಕುಳಿತದ್ದು ಸಾಧುತನ ಅಲ್ಲವೆಂದು ಗೊತ್ತಾಗುವುದು ಪಶುವೈದ್ಯರ ಮೇಜಿನ ಮೇಲೆ.

ಹಾಗಾದರೆ ಒಳ್ಳೆಯ ಗೂಡು ಯಾವುದು? ಅಂಗಡಿಯವರ ಪಟ್ಟಿಗಿಂತ ಪ್ರಾಣಿಯ ಮೈಕಟ್ಟನ್ನೇ ನೋಡುವುದು ಮೇಲು. ಕೂದಲಿಲ್ಲದ ಅಂಗಾಲು, ಬೆವರದ ಮೈ, ಸೂಕ್ಷ್ಮವಾದ ಶ್ವಾಸಕೋಶ, ನಮಗೆ ಕೇಳದ್ದನ್ನೂ ಕೇಳುವ ಕಿವಿ, ಸಾಯುವವರೆಗೂ ಬೆಳೆಯುತ್ತಲೇ ಇರುವ ಹಲ್ಲು. ಗೂಡಿನಲ್ಲಿ ಏನಿರಬೇಕು, ಏನಿರಬಾರದು ಎಂಬುದೆಲ್ಲ ಇವುಗಳಿಂದಲೇ ತಿಳಿಯುತ್ತದೆ.

ಎಷ್ಟು ಪ್ರಾಣಿ, ಎಷ್ಟು ಜಾಗ

ಜಾಗದ ಲೆಕ್ಕಕ್ಕೆ ಮೊದಲು ಎಷ್ಟು ಗಿನಿಪಿಗ್ ಎಂಬುದು ತೀರ್ಮಾನವಾಗಬೇಕು. ಒಂದು ಸಾಲದು. ಗುಂಪಿನಲ್ಲಿ ಬದುಕುವ ಪ್ರಾಣಿಗೆ ಮನುಷ್ಯನ ಒಡನಾಟ, ಅದೂ ಕೆಲಸ ಮುಗಿಸಿ ಬಂದ ಮೇಲೆ ಸಿಗುವ ಅರ್ಧ ಗಂಟೆಯ ಒಡನಾಟ, ಸಂಗಾತಿಯ ಬದಲಿಗೆ ಸಾಗುವುದಿಲ್ಲ. ಸ್ವಿಟ್ಜರ್ಲೆಂಡಿನಲ್ಲಂತೂ 2008ರಿಂದ ಜಾರಿಯಲ್ಲಿರುವ ಪ್ರಾಣಿ ಸಂರಕ್ಷಣಾ ನಿಯಮಗಳ ಪ್ರಕಾರ ಗಿನಿಪಿಗ್ಗನ್ನು ಒಂಟಿಯಾಗಿ ಸಾಕುವಂತೆಯೇ ಇಲ್ಲ. ಆದ್ದರಿಂದ ಗೂಡನ್ನು ಕನಿಷ್ಠ ಎರಡಕ್ಕೆ ಲೆಕ್ಕ ಹಾಕಬೇಕು.

ಜೊತೆಗೆ ಮೊಲವನ್ನು ಬಿಟ್ಟರಾಯಿತಲ್ಲ ಎಂದು ಕೇಳುವವರಿದ್ದಾರೆ. ಆಗದು. ಮೊಲದ ಹಿಂಗಾಲಿನ ಒಂದು ಒದೆತ ಗಿನಿಪಿಗ್ಗಿನ ಮೂಳೆ ಮುರಿಯಬಲ್ಲದು. ಮೇಲಾಗಿ ಮೊಲಗಳ ಮೂಗಿನಲ್ಲಿ ತಂಟೆ ಮಾಡದೆ ಇರುವ ಬಾರ್ಡೆಟೆಲ್ಲಾ ಎಂಬ ಬ್ಯಾಕ್ಟೀರಿಯಾ ಗಿನಿಪಿಗ್ಗಿಗೆ ತಗಲಿದರೆ ಮಾರಕ ನ್ಯುಮೋನಿಯಾ ಬರಬಹುದು.

ಎರಡು ಗಿನಿಪಿಗ್ಗಿಗೆ ಏಳೂವರೆ ಚದರ ಅಡಿ ನೆಲ ಕನಿಷ್ಠ ಎಂಬುದು ಅನುಭವಸ್ಥರು ಸಾಮಾನ್ಯವಾಗಿ ಒಪ್ಪುವ ಅಳತೆ. 120 ಸೆಂಟಿಮೀಟರ್ ಉದ್ದ, 60 ಸೆಂಟಿಮೀಟರ್ ಅಗಲದ ಗೂಡು ಸರಿಸುಮಾರು ಇಷ್ಟಾಗುತ್ತದೆ. ಕನಿಷ್ಠ ಎಂದರೆ ಅದಕ್ಕಿಂತ ಕಡಿಮೆ ಆದರೆ ತೊಂದರೆ ಎಂದಷ್ಟೇ ಅರ್ಥ, ಅಷ್ಟಾದರೆ ಸಾಕು ಎಂದಲ್ಲ. ಹತ್ತೂವರೆ ಚದರ ಅಡಿಯ ಹತ್ತಿರಕ್ಕೆ ಹೋದರೆ ಎರಡೂ ನೆಮ್ಮದಿಯಾಗಿರುತ್ತವೆ. ಎರಡೂ ಗಂಡಾದರೆ ಇಷ್ಟು ಬೇಕೇಬೇಕು. ಹರೆಯಕ್ಕೆ ಬಂದ ಗಂಡುಗಳು ಒಂದನ್ನೊಂದು ಸುತ್ತುತ್ತಾ, ಗುರುಗುಟ್ಟುತ್ತಾ ಯಾರು ಮೇಲು ಎಂದು ಇತ್ಯರ್ಥ ಮಾಡಿಕೊಳ್ಳುತ್ತವೆ. ಸೋತದ್ದು ದೂರ ಸರಿಯಲು ಜಾಗವಿದ್ದರೆ ಜಗಳ ಅಲ್ಲಿಗೇ ಮುಗಿಯುತ್ತದೆ, ಇಲ್ಲದಿದ್ದರೆ ಕಚ್ಚಾಟಕ್ಕೆ ತಿರುಗುತ್ತದೆ.

ಇಲ್ಲಿ ಲೆಕ್ಕಕ್ಕೆ ಬರುವುದು ನೆಲ ಮಾತ್ರ. ಮಾರಾಟದ ಪಂಜರಗಳಲ್ಲಿ ಎತ್ತರವನ್ನೂ ಮಹಡಿಗಳನ್ನೂ ಬಣ್ಣಬಣ್ಣದ ಏಣಿಗಳನ್ನೂ ತೋರಿಸಿ ದೊಡ್ಡದೆಂದು ನಂಬಿಸುತ್ತಾರೆ. ಗಿನಿಪಿಗ್ ಇಲಿಯಂತೆ ಹತ್ತುವ ಪ್ರಾಣಿಯಲ್ಲ. ಒಂದು ಕಿಲೋ ಆಸುಪಾಸು ತೂಗುವ ದುಂಡು ಮೈಗೆ ಕಾಲುಗಳು ಗಿಡ್ಡ. ಎತ್ತರದಿಂದ ಬಿದ್ದರೆ ಕಾಲೋ ಹಲ್ಲೋ ಮುರಿಯುತ್ತದೆ. ಅದಕ್ಕೆ ಬೇಕಾದದ್ದು ಉದ್ದಕ್ಕೆ ಓಡುವ ಜಾಗ. ಖುಷಿಯಾದಾಗ ಎಳೆಯ ಗಿನಿಪಿಗ್ಗುಗಳು ಇದ್ದಕ್ಕಿದ್ದಂತೆ ನಾಲ್ಕೂ ಕಾಲೆತ್ತಿ ಗಾಳಿಯಲ್ಲಿ ನೆಗೆದು, ಮೈ ತಿರುಚಿ, ಒಂದೇ ಓಟ ಕೀಳುತ್ತವೆ. ಚೌಕಾಕಾರದ ಪಂಜರದಲ್ಲಿ ಆ ಓಟ ಎರಡು ಹೆಜ್ಜೆಗೇ ಗೋಡೆಗೆ ತಾಗುತ್ತದೆ. ಮೇಲೊಂದು ಅಟ್ಟ ಮಾಡುವ ಆಸೆಯಿದ್ದರೆ ಮಾಡಬಹುದು. ಆದರೆ ಕೆಳಗಿನ ನೆಲ ಪೂರ್ತಿ ಅಳತೆಗೆ ಬಂದಿರಬೇಕು, ಹತ್ತುವ ಹಲಗೆಯ ಇಳಿಜಾರು ಸೌಮ್ಯವಾಗಿರಬೇಕು, ಅದರ ಎರಡೂ ಬದಿಗೆ ತಡೆಯಿರಬೇಕು, ಮೇಲ್ಮೈ ಜಾರಬಾರದು.

ಕೊಳ್ಳುವ ಮುನ್ನ ಒಂದು ಕೆಲಸ ಮಾಡಿ. ಗೂಡು ಇಡಬೇಕೆಂದಿರುವ ಕಡೆ ಅಂಟುಪಟ್ಟಿಯಿಂದ ನೆಲದ ಮೇಲೆ ಅದರ ಅಳತೆಯನ್ನು ಗುರುತಿಸಿ, ಒಂದು ವಾರ ಹಾಗೆಯೇ ಬಿಡಿ. ಬಾಗಿಲು ತೆರೆದಾಗ ಎಲ್ಲಿಗೆ ತಾಗುತ್ತದೆ, ಕಪಾಟು ತೆಗೆಯಲು ಅಡ್ಡ ಬರುತ್ತದೆಯೇ, ಮಧ್ಯಾಹ್ನ ಕಿಟಕಿಯ ಬಿಸಿಲು ಆ ಗೆರೆಯೊಳಗೆ ಬೀಳುತ್ತದೆಯೇ, ಮನೆಯವರು ಎಷ್ಟು ಸಲ ಅದನ್ನು ತುಳಿದು ಹೋಗುತ್ತಾರೆ, ಎಲ್ಲವೂ ಗೊತ್ತಾಗುತ್ತದೆ. ಹತ್ತು ಚದರ ಅಡಿ ಎಂದು ಬಾಯಲ್ಲಿ ಹೇಳುವುದು ಸುಲಭ. ನಡುಮನೆಯಲ್ಲಿ ಅದು ಐದರಿಂದ ಎಂಟು ವರ್ಷ ಕೂರುತ್ತದೆ, ಏಕೆಂದರೆ ಗಿನಿಪಿಗ್ಗಿನ ಆಯಸ್ಸು ಅಷ್ಟು.

ಸಿದ್ಧ ಪಂಜರಗಳಲ್ಲಿ ಈ ಅಳತೆಯದು ಸಿಗುವುದು ಅಪರೂಪವಾದ್ದರಿಂದ ಅನೇಕರು ತಾವೇ ಜೋಡಿಸಿಕೊಳ್ಳುತ್ತಾರೆ. ಸಾಮಾನು ಜೋಡಿಸಿಡುವ ಕಪಾಟುಗಳಿಗೆ ಬಳಸುವ, ಸುಮಾರು 14 ಇಂಚಿನ ಚೌಕಾಕಾರದ ತಂತಿಯ ಜಾಲರಿಗಳನ್ನು ಗೋಡೆಯಂತೆ ನಿಲ್ಲಿಸಿ, ಒಳಗೆ ಪದರವಿರುವ ಪ್ಲಾಸ್ಟಿಕ್ ಹಾಳೆಯನ್ನು ಅಂಚು ಮಡಿಚಿ ತಟ್ಟೆಯಂತೆ ಕೂರಿಸುವ ಪದ್ಧತಿ ಇದು. ಎರಡು ಜಾಲರಿ ಅಗಲ, ನಾಲ್ಕು ಜಾಲರಿ ಉದ್ದ ಇಟ್ಟರೆ ಹೆಚ್ಚುಕಡಿಮೆ ಹತ್ತೂವರೆ ಚದರ ಅಡಿ ಆಗುತ್ತದೆ. ತಟ್ಟೆಯ ಅಂಚು ಆರು ಇಂಚಾದರೂ ಎದ್ದಿದ್ದರೆ ಹಾಸು ಹೊರಗೆ ಚೆಲ್ಲುವುದಿಲ್ಲ. ಜಾಲರಿಯ ಕಿಂಡಿಗಳನ್ನು ಮಾತ್ರ ಅಳೆದು ನೋಡಿ: ಒಂದೂವರೆ ಇಂಚಿಗಿಂತ ಅಗಲವಾಗಿದ್ದರೆ ಮರಿ ತಲೆ ತೂರಿಸಿ ಸಿಕ್ಕಿಹಾಕಿಕೊಳ್ಳುತ್ತದೆ. ಕಟ್ಟಿದ ಪ್ಲಾಸ್ಟಿಕ್ ಪಟ್ಟಿಗಳ ತುದಿಯನ್ನು ಬುಡಕ್ಕೇ ಕತ್ತರಿಸಿ, ಬೆರಳಿನಿಂದ ಸವರಿ ನೋಡಬೇಕು. ನಿಮ್ಮ ಬೆರಳಿಗೆ ಗೀಚಿದ್ದು ಅದರ ಕಣ್ಣಿಗೂ ಗೀಚುತ್ತದೆ.

ಮೀನಿನ ಗಾಜಿನ ತೊಟ್ಟಿ ಬೇಡ. ಅದರೊಳಗೆ ಗಾಳಿ ಆಡುವುದಿಲ್ಲ, ಮೂತ್ರದ ಅಮೋನಿಯಾ ಒಳಗೇ ನಿಲ್ಲುತ್ತದೆ, ಬಿಸಿಯೂ ನಿಲ್ಲುತ್ತದೆ.

ಕಾಲಿನ ಕೆಳಗೆ

ಗಿನಿಪಿಗ್ಗನ್ನು ಎತ್ತಿ ಅದರ ಪಾದವನ್ನು ಹತ್ತಿರದಿಂದ ನೋಡಿದವರಿಗೆ ತಂತಿ ಬಲೆಯ ತಳ ಏಕೆ ಕೂಡದು ಎಂದು ಬೇರೆ ಹೇಳಬೇಕಾಗಿಲ್ಲ. ಮುಂಗಾಲಿಗೆ ನಾಲ್ಕು ಬೆರಳು, ಹಿಂಗಾಲಿಗೆ ಮೂರು. ಅಂಗಾಲು ಬರೀ ಚರ್ಮ. ಮೊಲದ ಪಾದಕ್ಕಿರುವ ತುಪ್ಪಳದ ಮೆತ್ತೆ ಅದಕ್ಕಿಲ್ಲ. ಇಡೀ ಮೈಭಾರ ಈ ತೆಳು ಚರ್ಮದ ಮೇಲೆ ದಿನವಿಡೀ ಬೀಳುತ್ತದೆ. ತಂತಿಯ ಮೇಲೆ ಅಥವಾ ಒದ್ದೆ ನೆಲದ ಮೇಲೆ ನಿಂತು ನಿಂತು ಮೊದಲು ಅಂಗಾಲು ಕೆಂಪಾಗುತ್ತದೆ, ಬಳಿಕ ಊದಿಕೊಂಡು ಬಿರಿಯುತ್ತದೆ. ಆ ಬಿರುಕಿನೊಳಗೆ ಬ್ಯಾಕ್ಟೀರಿಯಾ ಸೇರಿದರೆ ಸೋಂಕು ಮೂಳೆಯವರೆಗೂ ಇಳಿಯಬಹುದು. ವಾಸಿಮಾಡಲು ತಿಂಗಳುಗಟ್ಟಲೆ ಬೇಕಾಗುವ ಈ ಹುಣ್ಣನ್ನು ತಡೆಯಲು ಎರಡು ಸಂಗತಿ ಸಾಕು: ತಳ ಗಟ್ಟಿಯಾಗಿ ಸಮತಟ್ಟಾಗಿರಬೇಕು, ಹಾಸು ಒಣಗಿರಬೇಕು.

ಹಾಸಿನ ಆಯ್ಕೆಯಲ್ಲಿ ಜನ ತಪ್ಪುವುದು ಸುವಾಸನೆಗೆ ಮರುಳಾಗಿ. ದೇವದಾರು ಜಾತಿಯ ಮರ ಮತ್ತು ಪೈನ್ ಮರದ ಹೊಟ್ಟಿಗೆ ಚೆಂದದ ವಾಸನೆಯಿದೆ. ಆ ವಾಸನೆಯನ್ನು ಹೊಮ್ಮಿಸುವ ರಾಸಾಯನಿಕಗಳೇ ಉಸಿರಾಟದ ನಾಳಗಳನ್ನು ಕೆರಳಿಸುತ್ತವೆ, ಯಕೃತ್ತಿನ ಮೇಲೂ ಹೊರೆ ಹಾಕುತ್ತವೆ. ಕುಲುಮೆಯಲ್ಲಿ ಚೆನ್ನಾಗಿ ಒಣಗಿಸಿದ ಪೈನ್ ಹೊಟ್ಟಿನಲ್ಲಿ ಈ ರಾಸಾಯನಿಕಗಳು ಬಹುಪಾಲು ಹಾರಿಹೋಗಿರುವುದರಿಂದ ಕೆಲವರು ಅದನ್ನು ಬಳಸುತ್ತಾರೆ. ಆಸ್ಪೆನ್ ಮರದ ಹೊಟ್ಟು, ಕಾಗದದ ತಿರುಳಿನಿಂದ ಮಾಡಿದ ಹಾಸು ಇವುಗಳಲ್ಲಿ ಆ ಭಯವಿಲ್ಲ. ಗರಗಸದಿಂದ ಉದುರುವ ಪುಡಿಯಂತೂ ಯಾವ ಮರದ್ದಾದರೂ ಬೇಡ, ಅದು ನೇರವಾಗಿ ಮೂಗಿಗೂ ಕಣ್ಣಿಗೂ ಹೋಗುತ್ತದೆ. ಹತ್ತರಿ ಹೊಡೆದಾಗ ಬರುವಂಥ ಅಗಲವಾದ ಸುರುಳಿ ಬೇಕು, ಪುಡಿಯಲ್ಲ. ಬೆಕ್ಕಿಗಾಗಿ ಮಾರುವ, ನೀರು ಬಿದ್ದರೆ ಗಟ್ಟಿಯಾಗುವ ಮಣ್ಣಿನ ಹರಳುಗಳನ್ನು ಗಿನಿಪಿಗ್ ತಿಂದುಬಿಡುತ್ತದೆ. ಅವು ಕರುಳಿನಲ್ಲೂ ಗಟ್ಟಿಯಾಗುತ್ತವೆ. ಕಾಳು ಒಕ್ಕಿದ ಮೇಲೆ ಉಳಿಯುವ ಒರಟು ಹುಲ್ಲು ಮೂತ್ರ ಹೀರುವುದಿಲ್ಲ, ಅದರ ಚೂಪು ತುದಿ ಕಣ್ಣಿಗೆ ಚುಚ್ಚುತ್ತದೆ.

ಯಾವುದೇ ಹಾಸಿನ ಯೋಗ್ಯತೆಯನ್ನು ಅಂಗೈಯಿಂದ ಪರೀಕ್ಷಿಸಬಹುದು. ಎರಡು ಇಂಚು ದಪ್ಪ ಹರಡಿ, ಒಂದು ಕಡೆ ಕಾಲು ಲೋಟ ನೀರು ಸುರಿದು, ಸ್ವಲ್ಪ ಹೊತ್ತು ಬಿಟ್ಟು ಅಂಗೈ ಒತ್ತಿ ಹಿಡಿಯಿರಿ. ಅಂಗೈಗೆ ಪಸೆ ಹತ್ತಿದರೆ ಅಂಗಾಲಿಗೂ ಹತ್ತುತ್ತದೆ.

ಹೊಟ್ಟಿನ ರಗಳೆ ಬೇಡ ಎನ್ನುವವರು ಫ್ಲೀಸ್ ಬಟ್ಟೆ ಹಾಸುತ್ತಾರೆ. ಒಗೆದು ಮತ್ತೆ ಮತ್ತೆ ಬಳಸಬಹುದೆಂಬ ಕಾರಣಕ್ಕೆ ಇದು ಒಳ್ಳೆಯ ಉಪಾಯವೇ. ಆದರೆ ಇದರಲ್ಲಿ ಒಂದು ಸೂಕ್ಷ್ಮವಿದೆ. ಹೊಸ ಫ್ಲೀಸ್ ನೀರನ್ನು ಹೀರುವುದಿಲ್ಲ, ಕೆಳಕ್ಕೆ ಬಿಡುವುದೂ ಇಲ್ಲ. ಹೊಸ ಬಟ್ಟೆಯ ಮೇಲೆ ನಾಲ್ಕು ಹನಿ ನೀರು ಹಾಕಿ ನೋಡಿ, ಮಣಿಗಳಂತೆ ಮೇಲೆಯೇ ಉರುಳಾಡುತ್ತವೆ. ಬಿಸಿನೀರಿನಲ್ಲಿ ಮೂರ್ನಾಲ್ಕು ಸಲ ಒಗೆದ ಮೇಲೆ ಅದೇ ಹನಿ ಸರಕ್ಕನೆ ಒಳಗಿಳಿಯುತ್ತದೆ, ಮೇಲ್ಭಾಗ ಒಣಗಿಯೇ ಉಳಿಯುತ್ತದೆ. ಬಟ್ಟೆಯನ್ನು ಮೃದುವಾಗಿಸುವ ದ್ರವ ಹಾಕಿ ಒಗೆದರೆ ಎಳೆಗಳ ಮೇಲೆ ಜಿಡ್ಡಿನ ಪದರ ಕೂತು ಕೆಲಸ ಕೆಡುತ್ತದೆ. ಫ್ಲೀಸ್ ಬರೀ ದಾಟಿಸುವ ಬಟ್ಟೆಯಾದ್ದರಿಂದ ಅದರ ಕೆಳಗೆ ಹೀರಿಕೊಳ್ಳುವ ಇನ್ನೊಂದು ಪದರ ಬೇಕು: ಹಳೆಯ ದಪ್ಪ ಟವೆಲ್, ಅಥವಾ ಮಗುವಿನ ಹಾಸಿಗೆಯ ಮೇಲೆ ಹಾಕುವಂಥ ಹೀರುಬಟ್ಟೆ. ಒಂದು ಒಗೆತದಲ್ಲಿರುವಾಗ ಹಾಸಲು ಇನ್ನೊಂದು ಜೊತೆಯೂ ಬೇಕು. ಹಿಕ್ಕೆಗಳನ್ನು ದಿನಕ್ಕೊಮ್ಮೆಯಾದರೂ ಗುಡಿಸಬೇಕು, ಬಟ್ಟೆಯ ಮೇಲೆ ಅವು ಅಡಗಲು ಜಾಗವಿಲ್ಲ. ಇಷ್ಟೆಲ್ಲ ಪೂರ್ವಸಿದ್ಧತೆಯನ್ನು ಪ್ರಾಣಿ ಬಂದ ಸಂಜೆ ಮಾಡಲಾಗುವುದಿಲ್ಲ.

ಅಡಗಲು, ತಿನ್ನಲು, ಕುಡಿಯಲು

ಗಿನಿಪಿಗ್ಗಿಗೆ ಮರೆಯ ಜಾಗ ಅಲಂಕಾರವಲ್ಲ. ಎಲ್ಲಿ ನಿಂತರೂ ಎರಡೇ ನೆಗೆತದಲ್ಲಿ ಅಡಗಬಹುದೆಂಬ ಭರವಸೆ ಇದ್ದಾಗ ಮಾತ್ರ ಅದು ಬಯಲಿಗೆ ಬರುತ್ತದೆ. ಅಡಗುತಾಣ ಕೊಟ್ಟರೆ ಪ್ರಾಣಿ ಹೊರಗೇ ಬರುವುದಿಲ್ಲ, ಪಳಗುವುದಿಲ್ಲ ಎಂದು ಅದನ್ನು ತೆಗೆದಿಡುವವರಿದ್ದಾರೆ. ನಡೆಯುವುದು ಅದಕ್ಕೆ ವಿರುದ್ಧವಾಗಿ: ಮರೆಯಿಲ್ಲದ ಪ್ರಾಣಿ ಸದಾ ಸೆಟೆದುಕೊಂಡಿರುತ್ತದೆ, ಕೈ ಹತ್ತಿರ ಬಂದರೆ ಇನ್ನಷ್ಟು ಬೆದರುತ್ತದೆ.

ತಲಾ ಒಂದು ಅಡಗುತಾಣ, ಮೇಲೊಂದು ಹೆಚ್ಚಿಗೆ, ಇದು ಲೆಕ್ಕ. ಪ್ರತಿಯೊಂದಕ್ಕೂ ಎರಡು ಬಾಗಿಲು ಕಡ್ಡಾಯ. ಒಂದೇ ಬಾಗಿಲಿನ ಗುಡಿಸಲಿನಲ್ಲಿ ಜೋರಿನ ಪ್ರಾಣಿ ಬಾಗಿಲಿಗೆ ಅಡ್ಡ ನಿಂತರೆ ಒಳಗಿನದಕ್ಕೆ ಓಡಲು ದಾರಿಯೇ ಇಲ್ಲ. ಎಷ್ಟೋ ಜಗಳಗಳು ಪ್ರಾಣಿಗಳ ಸ್ವಭಾವದಿಂದಲ್ಲ, ಇಂಥ ಗುಡಿಸಲಿನಿಂದಲೇ ಹುಟ್ಟುತ್ತವೆ. ದುಡ್ಡು ಸುರಿಯಬೇಕಾಗಿಯೂ ಇಲ್ಲ. ಶಾಯಿ, ಅಂಟುಪಟ್ಟಿ, ಪಿನ್ನು ಇಲ್ಲದ ರಟ್ಟಿನ ಪೆಟ್ಟಿಗೆಯ ಎದುರುಬದುರು ಬದಿಗಳಲ್ಲಿ ಬಾಗಿಲು ಕತ್ತರಿಸಿದರೆ ಸಾಕು; ಕಡಿದು ಹಾಳುಮಾಡಿದ ಮೇಲೆ ಇನ್ನೊಂದು. ಬಾಗಿಲು ಮಾತ್ರ ಬೆಳೆದ ಪ್ರಾಣಿಯ ಅಳತೆಗೆ ಇರಲಿ. ಮರಿಯಾಗಿದ್ದಾಗ ಸಲೀಸಾಗಿ ನುಗ್ಗುತ್ತಿದ್ದ ಸುರಂಗದಲ್ಲಿ ಬೆಳೆದ ಮೇಲೆ ಸೊಂಟ ಸಿಕ್ಕಿಹಾಕಿಕೊಳ್ಳುತ್ತದೆ. ಮರದ ಗುಡಿಸಲಾದರೆ ಬಣ್ಣ, ವಾರ್ನಿಷ್ ಇಲ್ಲದ್ದನ್ನು ಆರಿಸಿ, ಯಾಕೆಂದರೆ ಅದನ್ನೂ ಕಡಿಯುತ್ತವೆ.

ಹಲ್ಲುಗಳ ವಿಷಯಕ್ಕೆ ಬಂದೆವು. ಮುಂದಿನ ಹಲ್ಲು ಮಾತ್ರವಲ್ಲ, ದವಡೆ ಹಲ್ಲುಗಳೂ ಬೆಳೆಯುತ್ತಲೇ ಇರುತ್ತವೆ. ಅವು ಸವೆಯುವುದು ಹುಲ್ಲನ್ನು ಗಂಟೆಗಟ್ಟಲೆ ಅರೆಯುವುದರಿಂದ. ಆಹಾರದ ಬಹುಪಾಲು ಒಣಹುಲ್ಲೇ ಆಗಿರಬೇಕು, ಅದು ಹಗಲೂ ರಾತ್ರಿಯೂ ಖಾಲಿಯಾಗಬಾರದು. ಹಾಗಾಗಿ ಗೂಡಿನ ನಕ್ಷೆ ಹಾಕುವಾಗ ಹುಲ್ಲಿಗೊಂದು ಮೂಲೆಯನ್ನು ಧಾರಾಳವಾಗಿ ಬಿಡಬೇಕು. ಹಸಿರು ಮಾಸುವ ಮೊದಲು ಕೊಯ್ದು ಒಣಗಿಸಿದ, ಬೂಷ್ಟಿಲ್ಲದ, ಘಮಘಮಿಸುವ ಹುಲ್ಲು ಬೇಕು. ಟಿಮೊಥಿಯಂಥ ಹುಲ್ಲುಗಳು ಸರಿ. ಕುದುರೆ ಮೆಂತ್ಯದಲ್ಲಿ ಸುಣ್ಣದ ಅಂಶ ಹೆಚ್ಚಾದ್ದರಿಂದ ಬೆಳೆದ ಪ್ರಾಣಿಗಳ ಮೂತ್ರಕೋಶದಲ್ಲಿ ಕಲ್ಲು ಕಟ್ಟುವ ಭಯವಿದೆ.

ಗಿನಿಪಿಗ್ಗುಗಳು ತಿನ್ನುತ್ತಾ ತಿನ್ನುತ್ತಾ ಅಲ್ಲೇ ಹಿಕ್ಕೆ ಹಾಕುತ್ತವೆ. ನಮಗೆ ಅಸಹ್ಯ ಅನ್ನಿಸಿದರೂ ಇದು ಗೂಡು ಕಟ್ಟುವವರಿಗೆ ಒದಗಿದ ಅನುಕೂಲ. ಅಗಲವಾದ, ಅಂಚು ತಗ್ಗಾದ ತಟ್ಟೆಯಲ್ಲಿ ಕಾಗದದ ಹಾಸು ಹಾಕಿ, ಅದರ ಮೇಲೆಯೇ ಹುಲ್ಲಿಟ್ಟರೆ ಗಲೀಜಿನ ದೊಡ್ಡ ಪಾಲು ಆ ಒಂದು ತಟ್ಟೆಯಲ್ಲೇ ಬೀಳುತ್ತದೆ. ದಿನವೂ ಆ ತಟ್ಟೆಯನ್ನು ಸುರಿದರೆ ಉಳಿದ ಗೂಡು ವಾರದವರೆಗೆ ತಾಳುತ್ತದೆ. ನನ್ನ ಮಟ್ಟಿಗೆ ಇಡೀ ಗೂಡಿನಲ್ಲಿ ಅತ್ಯಂತ ಉಪಯುಕ್ತವಾದ ವಸ್ತು ಈ ತಟ್ಟೆ. ಅಂಗಡಿಗಳಲ್ಲಿ ನೇತುಹಾಕಿರುವ, ತಂತಿಯಿಂದ ಮಾಡಿದ ಹುಲ್ಲಿನ ಚೆಂಡುಗಳನ್ನು ಮಾತ್ರ ತರಬೇಡಿ. ತಂತಿಗಳ ನಡುವೆ ತಲೆ ತೂರಿಸಿ ಹೊರತೆಗೆಯಲಾಗದೆ ಸತ್ತ ಪ್ರಾಣಿಗಳುಂಟು.

ನೀರಿನ ಬಾಟಲಿಯ ತುದಿಯಲ್ಲಿ ಉಕ್ಕಿನ ಗುಂಡು ಇರುತ್ತದೆ. ಅದು ಎರಡು ಬಗೆಯಲ್ಲಿ ಕೈಕೊಡುತ್ತದೆ: ಸಿಕ್ಕಿಕೊಂಡು ಹನಿಯೂ ಬರುವುದಿಲ್ಲ, ಅಥವಾ ಸಡಿಲವಾಗಿ ರಾತ್ರಿಯಿಡೀ ಸೋರಿ ಹಾಸನ್ನು ನೆನೆಸುತ್ತದೆ. ಬಾಟಲಿ ತುಂಬಿರುವುದನ್ನು ನೋಡಿ ನೀರಿದೆ ಎಂದು ನಂಬಬಾರದು, ದಿನವೂ ಬೆರಳಿನಿಂದ ಗುಂಡನ್ನು ತಟ್ಟಿ ನೋಡಬೇಕು. ಮಗುಚಿಕೊಳ್ಳದಷ್ಟು ಭಾರದ ಪಿಂಗಾಣಿ ಬಟ್ಟಲನ್ನೂ ಪಕ್ಕದಲ್ಲಿಟ್ಟರೆ ನಿಶ್ಚಿಂತೆ. ಗಿನಿಪಿಗ್ಗಿನ ಮೈ, ಮನುಷ್ಯನದರಂತೆಯೇ, ವಿಟಮಿನ್ ಸಿ ತಯಾರಿಸಿಕೊಳ್ಳಲಾರದು ಎಂಬುದು ನಿಜ. ಆದರೆ ಅದನ್ನು ನೀರಿಗೆ ಬೆರೆಸುವುದು ವ್ಯರ್ಥ. ನೀರಿನಲ್ಲಿ ಅದು ಬೇಗ ಹಾಳಾಗುತ್ತದೆ, ರುಚಿ ಕೆಟ್ಟರೆ ಪ್ರಾಣಿ ನೀರು ಕುಡಿಯುವುದನ್ನೇ ಕಡಿಮೆ ಮಾಡುತ್ತದೆ. ತಾಜಾ ಸೊಪ್ಪು ತರಕಾರಿಗಳಿಂದ ಕೊಡುವುದೇ ಸರಿ.

ಓಡುವ ಚಕ್ರ, ಒಳಗೆ ಕೂಡಿಹಾಕಿ ಉರುಳಿಸುವ ಪ್ಲಾಸ್ಟಿಕ್ ಚೆಂಡು ಇವೆರಡೂ ಹ್ಯಾಮ್‌ಸ್ಟರ್‌ಗಳಿಗೆಂದು ಹುಟ್ಟಿದ ವಸ್ತುಗಳು. ಗಿನಿಪಿಗ್ಗಿನ ಬೆನ್ನುಮೂಳೆ ಹಾಗೆ ಹಿಂದಕ್ಕೆ ಬಾಗುವಂಥದ್ದಲ್ಲ. ಡಬ್ಬಿಯ ಮೇಲೆ ಅದರ ಚಿತ್ರವಿದ್ದರೂ ಕೊಳ್ಳಬೇಡಿ.

ಮನೆಯ ಯಾವ ಮೂಲೆ

ಬೆಚ್ಚನೆಯ ತುಪ್ಪಳ ಹೊದ್ದ, ಬೆವರಲಾರದ ಈ ಪ್ರಾಣಿಗೆ ಚಳಿಗಿಂತ ಸೆಕೆ ದೊಡ್ಡ ಶತ್ರು. 18ರಿಂದ 24 ಡಿಗ್ರಿ ಸೆಲ್ಸಿಯಸ್ ಅದಕ್ಕೆ ಹಿತ. ಅದಕ್ಕಿಂತ ಏರುತ್ತಾ ಹೋದಂತೆ ಕಷ್ಟ ಶುರುವಾಗುತ್ತದೆ, 30ರ ಹತ್ತಿರ ಬಂದಾಗ, ಅದರಲ್ಲೂ ಗಾಳಿ ತೇವವಾಗಿದ್ದರೆ, ಶಾಖಾಘಾತದಿಂದ ಕೆಲವೇ ಗಂಟೆಗಳಲ್ಲಿ ಸಾಯಬಹುದು. ಬಾಯಿ ತೆರೆದು ಏದುಸಿರು ಬಿಡುವುದು, ಜೊಲ್ಲು ಸುರಿಸುವುದು, ಮೈ ಚಾಚಿ ಅಲುಗಾಡದೆ ಬಿದ್ದಿರುವುದು ಇವು ವೈದ್ಯರ ಬಳಿಗೆ ಓಡಬೇಕಾದ ಲಕ್ಷಣಗಳು. ಆದ್ದರಿಂದ ಒಂದು ಉಷ್ಣಮಾಪಕವನ್ನು ಮೊದಲೇ ತಂದು, ಗೂಡು ನಿಲ್ಲಬೇಕಾದ ಜಾಗದಲ್ಲಿ, ನೆಲದಿಂದ ಗೇಣುದ್ದ ಮೇಲೆ ಇಟ್ಟು, ಹಗಲಿನ ಬೇರೆ ಬೇರೆ ಹೊತ್ತಿನಲ್ಲಿ ಓದಿ. ಬೆಳಿಗ್ಗೆ ತಂಪಾಗಿರುವ ಮೂಲೆ ಮೂರು ಗಂಟೆಯ ಬಿಸಿಲಿಗೆ ಒಲೆಯಾಗಬಹುದು. ಸೆಕೆಯ ದಿನಗಳಿಗೆಂದು ಮಲಗಲು ತಣ್ಣನೆಯ ಟೈಲ್ಸ್ ತುಂಡು, ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆಯ ಬಾಟಲಿ ತಯಾರಿರಲಿ. ಫ್ಯಾನಿನ ಗಾಳಿ ನೇರವಾಗಿ ಮೈಮೇಲೆ ಬೀಸಬಾರದು, ಕೋಣೆಯಲ್ಲಿ ಆಡಿದರೆ ಸಾಕು. ಇತ್ತ ತಾಪಮಾನ 15 ಡಿಗ್ರಿಗಿಂತ ಕೆಳಗಿಳಿದರೆ ಹೊರಗಿಟ್ಟಿರುವ ಗೂಡನ್ನು ಒಳಗೆ ತರಬೇಕು.

ಕಿವಿಯ ಮಾತು. ಮನುಷ್ಯನಿಗೆ ಕೇಳುವ ಶಬ್ದ ಹೆಚ್ಚೆಂದರೆ 20 ಕಿಲೋಹರ್ಟ್ಸ್‌ವರೆಗೆ. ಗಿನಿಪಿಗ್ಗಿಗೆ ಸುಮಾರು 50ರವರೆಗೂ ಕೇಳುತ್ತದೆ. ಟೆಲಿವಿಷನ್, ಧ್ವನಿಪೆಟ್ಟಿಗೆ, ಬಟ್ಟೆ ಒಗೆಯುವ ಯಂತ್ರ ಇವುಗಳ ಪಕ್ಕ ಗೂಡು ಬೇಡವೆಂದು ಎಲ್ಲರೂ ಹೇಳುತ್ತಾರೆ. ಹೇಳದೆ ಬಿಡುವ ಒಂದು ಸಾಧನವಿದೆ: ಇಲಿಗಳನ್ನು ಓಡಿಸಲು ಗೋಡೆಗೆ ಸಿಕ್ಕಿಸುವ, ನಮಗೆ ಕೇಳದ ಶಬ್ದ ಹೊರಡಿಸುವ ಯಂತ್ರ. ಆ ಕೋಣೆಯಲ್ಲಿ ನಮಗೆ ನಿಶ್ಶಬ್ದ, ಗಿನಿಪಿಗ್ಗಿಗೆ ಮೊರೆತ. ಅದನ್ನು ಕಿತ್ತಿಡಿ.

ಗದ್ದಲ ಬೇಡವೆಂದು ಯಾರೂ ಹೋಗದ ಹಿಂದಿನ ಕೋಣೆಗೆ ತಳ್ಳುವುದೂ ಸರಿಯಲ್ಲ. ಮನುಷ್ಯರ ಓಡಾಟ, ಮಾತು ಕಿವಿಗೆ ಬೀಳುತ್ತಿದ್ದರೆ ಅವು ಬೇಗ ಒಗ್ಗಿಕೊಳ್ಳುತ್ತವೆ, ಕಾಯಿಲೆ ಬಿದ್ದರೂ ಯಾರಾದರೊಬ್ಬರು ಗಮನಿಸುತ್ತಾರೆ. ಗೂಡಿನ ಎರಡು ಬದಿ ಗೋಡೆಗೆ ಆನಿಕೊಂಡಿರಲಿ, ಆಗ ಎಲ್ಲ ದಿಕ್ಕಿಗೂ ಕಾವಲಿರುವ ಕಷ್ಟ ತಪ್ಪುತ್ತದೆ. ಸಾಧ್ಯವಾದರೆ ಗಟ್ಟಿಮುಟ್ಟಾದ ಮೇಜಿನ ಮೇಲೆ, ಮುಂದಿನಿಂದ ಬಾಗಿಲು ತೆರೆಯುವಂತೆ ಇಡಿ. ನೆಲದ ಮೇಲಿನ ಗೂಡಿಗೆ ಮೇಲಿನಿಂದ ಕೈ ಇಳಿಸಿದಾಗ ಅದಕ್ಕೆ ಕಾಣುವುದು ಎರಗುತ್ತಿರುವ ಹದ್ದು. ಅಡುಗೆಮನೆಯ ಹೊಗೆ, ಅಗರಬತ್ತಿ, ಸುಗಂಧದ ಸಿಂಪಡಿಕೆ, ಸಿಗರೇಟು ಯಾವುದೂ ಆ ಶ್ವಾಸಕೋಶಕ್ಕೆ ಆಗದು. ಬೆಕ್ಕು ನಾಯಿಗಳಿರುವ ಮನೆಯಲ್ಲಿ ಗಟ್ಟಿ ಮುಚ್ಚಳ ಬೇಕೇ ಬೇಕು. ನಮ್ಮ ಬೆಕ್ಕು ತಂಟೆಗೆ ಹೋಗುವುದಿಲ್ಲ ಎಂಬ ವಾದವನ್ನು ಬೆಕ್ಕು ಒಪ್ಪಿರುವುದಿಲ್ಲ. ಹೊರಗೆ ಬಿಟ್ಟು ಓಡಾಡಿಸುವ ಕೋಣೆಯಲ್ಲಿ ವಿದ್ಯುತ್ ತಂತಿಗಳನ್ನು ಮೇಲಕ್ಕೆ ಕಟ್ಟಿ, ಕಪಾಟುಗಳ ಹಿಂದಿನ ಸಂದು ಮುಚ್ಚಿ. ಆ ಸಂದಿನೊಳಗೆ ಹೋದ ಗಿನಿಪಿಗ್ಗನ್ನು ಹೊರತೆಗೆಯಲು ಕಪಾಟನ್ನೇ ಜರುಗಿಸಬೇಕಾಗುತ್ತದೆ.

ಖಾಲಿ ಗೂಡಿನ ಪರೀಕ್ಷೆ

ಎಲ್ಲ ಜೋಡಿಸಿದ ಮೇಲೆ ನೆಲಕ್ಕೆ ಬಗ್ಗಿ, ಕೆನ್ನೆ ಹಾಸಿಗೆ ತಾಗುವಷ್ಟು ಕೆಳಗಿಳಿದು ಒಳಗೆ ನೋಡಿ. ನಿಂತು ನೋಡುವಾಗ ಕಾಣದ್ದು ಆಗ ಕಾಣುತ್ತದೆ: ಜಾಲರಿ ಜೋಡಣೆಯಲ್ಲಿ ಎದ್ದ ತಂತಿ, ಗುಡಿಸಲಿನ ಕೆಳಗೆ ಕಾಲು ಸಿಕ್ಕುವ ಸಂದು, ಕಣ್ಣಿಗೇ ಬೀಳುವ ಕಿಟಕಿಯ ಬೆಳಕು. ನೀರಿನ ಬಾಟಲಿಯನ್ನು ತುಂಬಿ, ಕೆಳಗೆ ಒಣ ಕಾಗದವಿಟ್ಟು ರಾತ್ರಿ ಬಿಡಿ, ಸೋರುವುದಾದರೆ ಬೆಳಿಗ್ಗೆ ಕಾಗದ ಹೇಳುತ್ತದೆ. ಹಾಸನ್ನೆಲ್ಲ ತೆಗೆದು, ತಳ ಒರೆಸಿ, ಹೊಸದು ಹರಡುವ ಕೆಲಸವನ್ನು ಒಮ್ಮೆ ಪೂರ್ತಿ ಮಾಡಿ ನೋಡಿ. ಮೂಲೆಗೆ ಕೈ ಎಟುಕದಿದ್ದರೆ, ಬೆನ್ನು ನೊಂದರೆ, ಈಗಲೇ ಬದಲಿಸಿ. ಕಷ್ಟದ ಕೆಲಸವನ್ನು ನಾಲ್ಕನೇ ವಾರದಿಂದ ಮನುಷ್ಯ ಮುಂದೂಡತೊಡಗುತ್ತಾನೆ, ಅಮೋನಿಯಾ ಮುಂದೂಡುವುದಿಲ್ಲ.

ತಳದಲ್ಲಿ ಬೆಳ್ಳಗೆ ಕಟ್ಟುವ ಮೂತ್ರದ ಸುಣ್ಣವನ್ನು ನೀರು ಬೆರೆಸಿದ ಬಿಳಿ ವಿನೆಗರ್ ಬಿಡಿಸುತ್ತದೆ; ಆಮೇಲೆ ಬರೀ ನೀರಿನಿಂದ ತೊಳೆದು ಒಣಗಿಸಬೇಕು. ಮೂತ್ರ ಬಿದ್ದ ಕಡೆ ಬ್ಲೀಚ್ ಸುರಿಯಬೇಡಿ. ಬ್ಲೀಚೂ ಅಮೋನಿಯಾವೂ ಸೇರಿದರೆ ಹುಟ್ಟುವ ಅನಿಲ ಪ್ರಾಣಿಗಷ್ಟೇ ಅಲ್ಲ, ತೊಳೆಯುವವರಿಗೂ ವಿಷ.

ಗೂಡಿನ ನಡುವೆ ಅಡ್ಡಲಾಗಿ ನಿಲ್ಲಿಸಬಹುದಾದ ಒಂದು ಜಾಲರಿ, ಇನ್ನೊಂದು ನೀರಿನ ಬಾಟಲಿ, ಇನ್ನೊಂದು ಗುಡಿಸಲು ಕೈಗೆಟುಕುವಂತಿರಲಿ. ಜಗಳವಾದಾಗ, ಒಂದಕ್ಕೆ ಗಾಯವಾದಾಗ, ಪರಸ್ಪರ ಕಾಣುವಂತೆ, ವಾಸನೆ ಸಿಗುವಂತೆ ಬೇರ್ಪಡಿಸಲು ಬೇಕು. ಇನ್ನೊಂದು ಕಾರಣವೂ ಇದೆ. ಎರಡೂ ಹೆಣ್ಣೆಂದು ಕೊಂಡದ್ದರಲ್ಲಿ ಒಂದು ಗಂಡಾಗಿರುವುದು ಅಪರೂಪವಲ್ಲ. ಗಂಡು ಮರಿ ಮೂರು ವಾರಕ್ಕೇ ಹೆಣ್ಣಿನಿಂದ ದೂರವಿರಬೇಕಾದಷ್ಟು ಬೇಗ ಬೆಳೆಯುತ್ತದೆ, ಗರ್ಭಾವಧಿ 59ರಿಂದ 72 ದಿನ, ಹುಟ್ಟುವ ಮರಿಗಳು ಕಣ್ಣು ಬಿಟ್ಟುಕೊಂಡೇ, ತುಪ್ಪಳ ಹೊದ್ದುಕೊಂಡೇ ಹುಟ್ಟಿ ಓಡಾಡತೊಡಗುತ್ತವೆ. ಮನೆಗೆ ತರುವ ದಾರಿಯಲ್ಲೇ ಸಣ್ಣ ಪ್ರಾಣಿಗಳನ್ನು ನೋಡುವ ಪಶುವೈದ್ಯರ ಬಳಿ ಲಿಂಗ ಖಚಿತಪಡಿಸಿಕೊಂಡರೆ ಎರಡರ ಗೂಡು ಆರರ ಗೂಡಾಗುವುದು ತಪ್ಪುತ್ತದೆ. ಅಂಥ ವೈದ್ಯರು ಎಲ್ಲಿದ್ದಾರೆ ಎಂದು ಹುಡುಕಿಡುವುದೂ ಈ ಸಿದ್ಧತೆಯ ಭಾಗವೇ.

ಪ್ರಾಣಿಗಳು ಬಂದ ದಿನ ಮಾಡಬೇಕಾದದ್ದು ಕಡಿಮೆ. ಅವು ಬಂದ ಪೆಟ್ಟಿಗೆಯಲ್ಲಿದ್ದ ಹಾಸಿನ ಒಂದು ಹಿಡಿಯನ್ನು ಹೊಸ ಗೂಡಿಗೆ ಹಾಕಿ, ತಮ್ಮದೇ ವಾಸನೆ ಅವಕ್ಕೆ ಧೈರ್ಯ ಕೊಡುತ್ತದೆ. ಹಿಂದೆ ತಿನ್ನುತ್ತಿದ್ದುದನ್ನೇ ಕೊಡಿ. ಪೆಟ್ಟಿಗೆಯನ್ನು ಗೂಡಿನೊಳಗೆ ತೆರೆದಿಟ್ಟು ತಾವಾಗಿ ಹೊರಬರಲು ಬಿಡಿ. ಒಂದೆರಡು ದಿನ ಎತ್ತಿಕೊಳ್ಳುವುದು, ನೆಂಟರಿಗೆ ತೋರಿಸುವುದು ಬೇಡ. ಮೊದಲ ವಾರ ಗುಡಿಸಲು, ಬಾಟಲಿ, ಹುಲ್ಲಿನ ತಟ್ಟೆ ಯಾವುದನ್ನೂ ಜರುಗಿಸಬೇಡಿ. ಹುಲ್ಲು ಕಡಿಮೆಯಾಗುತ್ತಿದೆಯೇ, ಹಿಕ್ಕೆ ಬೀಳುತ್ತಿದೆಯೇ ಎಂಬುದನ್ನು ಮಾತ್ರ ದಿನವೂ ನೋಡಿ. ಅರ್ಧ ದಿನವಾದರೂ ಏನೂ ತಿನ್ನದಿದ್ದರೆ ಕಾಯುವಂತಿಲ್ಲ, ವೈದ್ಯರಿಗೆ ಕರೆ ಮಾಡಿ. ಆಮೇಲೆ ವಾರಕ್ಕೊಮ್ಮೆ ಅಡುಗೆಮನೆಯ ತಕ್ಕಡಿಯಲ್ಲಿ ತೂಗಿ, ಗೂಡಿನ ಪಕ್ಕದಲ್ಲೇ ತೂಗುಹಾಕಿದ ಹಾಳೆಯಲ್ಲಿ ತೂಕವನ್ನೂ ದಿನಾಂಕವನ್ನೂ ಬರೆಯುತ್ತಾ ಹೋಗಿ. ಪ್ರಾಣಿ ಮುಚ್ಚಿಟ್ಟ ಕಾಯಿಲೆ ಸಾಮಾನ್ಯವಾಗಿ ಮೊದಲು ಬಯಲಾಗುವುದು ಆ ಹಾಳೆಯಲ್ಲಿ.